ವಿನೋಬನಗರದಲ್ಲಿ ಡಿಮ್ ಸಮ್ ಸಿಗ್ತಿದೆ, ಮೋಮೋ ಬೇರೆ ಇದು ಬೇರೆ

ವಿನೋಬನಗರದ ಕಡೆ ಹೊಸದಾಗಿ ಶುರುವಾಗಿರೋ ಸಣ್ಣ ಚೈನೀಸ್ ಹೋಟ್ಲಿಗೆ ಹೋಗಿದ್ವಿ, ಮೆನುನಲ್ಲಿ ಮೋಮೋ ಬೇರೆ ಡಿಮ್ ಸಮ್ ಬೇರೆ ಅಂತ ಹಾಕಿದಾರೆ, ಅದನ್ನ ನೋಡೇ ಖುಷಿಯಾಯ್ತು ಯಾಕಂದ್ರೆ ನಮ್ಮ ಶಿವಮೊಗ್ಗದಲ್ಲಿ ಎರಡೂ ಒಂದೇ ಅಂತ್ಲೇ ಎಲ್ರೂ ಅನ್ಕೊಂಡಿರೋದು. ಮೋಮೋ ಟಿಬೆಟ್, ನೇಪಾಳದ ಕಡೇದು. ಡಿಮ್ ಸಮ್ ಅಂದ್ರೆ ಹೆಚ್ಚಾಗಿ ಹಬೆಲಿ ಬೇಯಿಸೋ ಸಣ್ಣ ಸಣ್ಣ ತಿಂಡಿ, ಅದು ದಕ್ಷಿಣ ಚೀನಾದ ಗ್ವಾಂಗ್‌ಝೌ, ಹಾಂಗ್‌ಕಾಂಗ್ ಕಡೆ ಕ್ಯಾಂಟನೀಸ್ ಮಾತಾಡೋ ಜನರದ್ದು.

ಬಿಡಿಬಿಡಿಯಾಗಿ ನೋಡಿದ್ರೆ ಡಿಮ್ ಸಮ್ ಅನ್ನೋ ಹೆಸರಿಗೆ ಹೃದಯ ಮುಟ್ಟೋದು ಅಂತ ಅರ್ಥ ಬರುತ್ತೆ, ಬಳಕೆಲಿ ಮಾತ್ರ ನಾವು ತಿಂಡಿ ಅಂತೀವಲ್ಲ ಹಾಗೆ, ಊಟಕ್ಕೆ ಮುಂಚೆ ಹೊಟ್ಟೆಗೆ ಒಂಚೂರು ಆಧಾರ. ಟ್ಯಾಂಗ್ ರಾಜರ ಕಾಲದಿಂದ್ಲೇ (618-907) ಪದ ಇದೆ. ಆಮೇಲೆ ಗ್ವಾಂಗ್‌ಝೌನ ಟೀ ಅಂಗಡಿಗಳಲ್ಲಿ ಬೆಳಗ್ಗೆ ಚಹಾ ಜೊತೆ ಸಣ್ಣ ಬಿದಿರಿನ ಬುಟ್ಟಿಲಿ ಮೂರು ನಾಲ್ಕು ಪೀಸ್ ಬೇಯಿಸಿ ಕೊಡೋದು ರೂಢಿಯಾಯ್ತು, ಹಾಗೆ ಕೂತು ತಿನ್ನೋದಕ್ಕೆ ಯಮ್ ಚಾ ಅಂತಾರೆ, ಅಂದ್ರೆ ಚಹಾ ಕುಡಿಯೋದು.

ಇಲ್ಲಿ ಹಾರ್ ಗಾವ್ ತಪ್ಪದೇ ತಿನ್ನಿ. ಸಿಗಡಿ ತುಂಬಿರೋದು, ಮೇಲಿನ ಪದರ ಮೈದಾದ್ದಲ್ಲ, ಗೋಧಿ ಪಿಷ್ಟಕ್ಕೆ ಮರಗೆಣಸಿನ ಪಿಷ್ಟ ಸೇರಿಸಿ ಕುದಿಯೋ ನೀರಲ್ಲಿ ಕಲಸಿ ಮಾಡೋದು, ಬೆಂದ ಮೇಲೆ ಒಳಗಿನ ಸಿಗಡಿ ತೆಳು ಗುಲಾಬಿಯಾಗಿ ಹೊರಗೇ ಕಾಣ್ಬೇಕು. ಕಂಡಿತು! ನೆರಿಗೆನೂ ಚೆನ್ನಾಗಿ ಹಿಡಿದಿದ್ರು, ಎತ್ತುವಾಗ ತಳ ಹರಿದು ಬುಟ್ಟಿಗೆ ಅಂಟ್ಲಿಲ್ಲ, ಸಿಗಡಿ ಘಟ್ಟದ ಕೆಳಗಿಂದ ಬರುತ್ತಂತೆ, ಕಚ್ಚಿದ್ರೆ ಗರಿಗರಿ, ವಾಸನೆ ಸ್ವಲ್ಪನೂ ಇಲ್ಲ. ನಾಲ್ಕು ಪೀಸಿಗೆ 180 ರೂಪಾಯಿ, ಕೊಡಬಹುದು.

ಸಿಯು ಮಾಯ್ ಸುಮಾರು. ಅದು ಬಾಯಿ ತೆರೆದಿರೋದು, ಅಲ್ಲಿ ಹಂದಿ ಮಾಂಸದ ಜೊತೆ ಸಿಗಡಿ ಹಾಕ್ತಾರೆ, ಇವ್ರು ಬರೀ ಚಿಕನ್ ಹಾಕಿದಾರೆ, ಕೊಬ್ಬಿಲ್ದೆ ಒಣಒಣ ಆಗಿತ್ತು.

ನಂಗೆ ಬೇಜಾರಾಗಿದ್ದು ಚಹಾ ವಿಷ್ಯ. ಹಾಲು ಹಾಕಿದ ಟೀ, ಕೋಲ್ಡ್ ಡ್ರಿಂಕ್ಸ್ ಬಿಟ್ರೆ ಏನೂ ಇಲ್ಲ. ಮಲ್ಲಿಗೆ ಚಹಾ ಒಂದು ಕೆಟಲ್ ಇಟ್ರೆ ಸಾಕು, ಬಾಯಿಗೆ ಅಂಟಿದ ಜಿಡ್ಡು ಹೋಗಿ ಮುಂದಿನ ಬುಟ್ಟಿಗೆ ನಾಲಿಗೆ ರೆಡಿ ಆಗುತ್ತೆ, ಇದನ್ನ ಓನರ್ ಹತ್ರನೇ ಹೇಳಿ ಬಂದೆ, ತರಿಸ್ತೀನಿ ಅಂದ್ರು.

ಶೆಜ್ವಾನ್ ಚಟ್ನಿ ಪಕ್ಕಕ್ಕೆ ಕೊಡಿ ಅನ್ನಿ, ಇಲ್ಲಾಂದ್ರೆ ಮೇಲೇ ಸುರೀತಾರೆ. ಪಾರ್ಸಲ್ ಮಾತ್ರ ಬೇಡ, ಈ ಮಳೆ ಥಂಡಿಲಿ ಮನೆ ಮುಟ್ಟೋದ್ರೊಳಗೆ ಪದರ ರಬ್ಬರಾಗುತ್ತೆ.