ನೀರಿನ ಬಿಲ್ಲಿನಲ್ಲಿ ಕಾಣದ ಬೆಲೆ: ಟೆಕ್ಸಾಸ್‌ನ ಒಂದು ಯುಟಿಲಿಟಿ ಡಿಸ್ಟ್ರಿಕ್ಟ್‌ನ ಸೇವೆ

ಹ್ಯೂಸ್ಟನ್ ನಗರದ ಎಲ್ಲೆಯಾಚೆ ಹ್ಯಾರಿಸ್ ಕೌಂಟಿಯಲ್ಲಿ ಬೆಳೆದಿರುವ ಅನೇಕ ಬಡಾವಣೆಗಳಿಗೆ ನೀರು, ಒಳಚರಂಡಿ ಮತ್ತು ಮಳೆನೀರಿನ ವ್ಯವಸ್ಥೆಯನ್ನು ಒದಗಿಸುವುದು ನಗರಾಡಳಿತವಲ್ಲ, ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ ಎಂಬ ಸಣ್ಣ ಸರ್ಕಾರಿ ಘಟಕ; ಇಲ್ಲಿನವರ ಬಾಯಲ್ಲಿ ಅದು ‘ಮಡ್’. ಅಂತಹ ಒಂದು ಮಡ್‌ಗೆ ನಾನು ಗ್ರಾಹಕನೂ ತೆರಿಗೆದಾರನೂ ಮತದಾರನೂ ಆಗಿರುವುದರಿಂದ, ನಲ್ಲಿಯಲ್ಲಿ ಬರುವ ನೀರಿನಷ್ಟೇ ಅದಕ್ಕೆ ಹಣ ಹರಿದುಬರುವ ದಾರಿಯನ್ನೂ ಪರಿಶೀಲಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ಸೇವೆಯ ಬಗ್ಗೆ ದೂರಿಲ್ಲ. ನೀರಿನ ಒತ್ತಡ ಸ್ಥಿರವಾಗಿದೆ, ಕೊಳವೆ ಸೋರಿದರೆ ದುರಸ್ತಿಗೆ ಬೇಗ ಬರುತ್ತಾರೆ, ಕುಡಿಯುವ ನೀರಿನ ಗುಣಮಟ್ಟದ ವಾರ್ಷಿಕ ವರದಿ ಜುಲೈ 1ರೊಳಗೆ ತಪ್ಪದೆ ಕೈಸೇರುತ್ತದೆ.

ಬೆಲೆಯ ವಿಷಯ ಮಾತ್ರ ಇಷ್ಟು ಸರಳವಲ್ಲ. ತಿಂಗಳ ಬಿಲ್ಲಿನಲ್ಲಿ ಬಳಸಿದ ನೀರಿನ ಶುಲ್ಕ, ಒಳಚರಂಡಿ ಶುಲ್ಕ ಮತ್ತು ಪ್ರಾದೇಶಿಕ ಜಲ ಪ್ರಾಧಿಕಾರದ ಶುಲ್ಕಗಳಿರುತ್ತವೆ. ಅತಿಯಾಗಿ ಅಂತರ್ಜಲ ಎತ್ತಿದ್ದರಿಂದ ಈ ಪ್ರದೇಶದ ನೆಲ ಕುಸಿಯುತ್ತಿರುವುದನ್ನು ತಡೆಯಲು 1975ರಲ್ಲೇ ಹ್ಯಾರಿಸ್-ಗ್ಯಾಲ್ವೆಸ್ಟನ್ ಸಬ್ಸಿಡೆನ್ಸ್ ಡಿಸ್ಟ್ರಿಕ್ಟ್ ಎಂಬ ಸಂಸ್ಥೆ ರಚನೆಯಾಯಿತು. ಬಾವಿ ನೀರನ್ನು ಬಿಟ್ಟು ನದಿ, ಜಲಾಶಯಗಳ ನೀರಿಗೆ ಹೊರಳುವ ವೆಚ್ಚವೇ ಆ ಮೂರನೆಯ ಶುಲ್ಕಕ್ಕೆ ಕಾರಣ. ಆದರೆ ಕೊಳವೆ ಜಾಲ, ಶುದ್ಧೀಕರಣ ಘಟಕ, ಮಳೆನೀರಿನ ಕೊಳ ಇವುಗಳನ್ನು ಕಟ್ಟಿದ ಹಣ ಈ ಬಿಲ್ಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದು ಆಸ್ತಿ ತೆರಿಗೆಯಲ್ಲಿದೆ.

ಮೊದಲಿಗೆ ಬಡಾವಣೆ ನಿರ್ಮಿಸುವ ಡೆವಲಪರ್ ತನ್ನ ಹಣದಿಂದ ಈ ಸೌಲಭ್ಯಗಳನ್ನು ಕಟ್ಟುತ್ತಾನೆ. ಮನೆಗಳು ಏಳುತ್ತಾ ತೆರಿಗೆ ವಿಧಿಸಬಹುದಾದ ಆಸ್ತಿ ಬೆಳೆದ ಮೇಲೆ ಮಡ್, ಬಾಂಡ್ ಅಂದರೆ ಸಾಲಪತ್ರಗಳನ್ನು ಮಾರಿ ಅವನ ಹಣ ಹಿಂದಿರುಗಿಸುತ್ತದೆ, ಬಾಂಡ್‌ನ ಅಸಲು ಮತ್ತು ಬಡ್ಡಿಯನ್ನು ನಿವಾಸಿಗಳು ವರ್ಷಗಟ್ಟಲೆ ತೆರಿಗೆಯ ರೂಪದಲ್ಲಿ ತೀರಿಸುತ್ತಾರೆ. ತೆರಿಗೆ ದರಕ್ಕೆ ಎರಡು ಭಾಗಗಳಿವೆ: ಒಂದು ಸಾಲ ಮರುಪಾವತಿಗೆ, ಇನ್ನೊಂದು ನಿರ್ವಹಣೆಗೆ. ಉದಾಹರಣೆಗೆ, ಪ್ರತಿ 100 ಡಾಲರ್ ಮೌಲ್ಯಕ್ಕೆ 80 ಸೆಂಟ್ ದರವಿದ್ದು ಅದರಲ್ಲಿ 55 ಸೆಂಟ್ ಸಾಲಕ್ಕೆ ಹೋಗುವುದಾದರೆ, 4,00,000 ಡಾಲರ್ ತೆರಿಗೆ ಮೌಲ್ಯದ ಮನೆಯವರು ವರ್ಷಕ್ಕೆ 3,200 ಡಾಲರ್ ಕಟ್ಟುತ್ತಾರೆ. ಅದರಲ್ಲಿ 2,200 ಡಾಲರ್ ಹಳೆಯ ಸಾಲಕ್ಕೇ ಸಲ್ಲುತ್ತದೆ. ಶಾಲಾ ತೆರಿಗೆಯಲ್ಲಿ ಸ್ವಂತ ವಾಸದ ಮನೆಗೆ ಕಡ್ಡಾಯವಾಗಿ ಸಿಗುವ ದೊಡ್ಡ ವಿನಾಯಿತಿ ಇಲ್ಲಿ ಅನ್ವಯಿಸುವುದಿಲ್ಲ.

ಈ ವಿಧಾನ ಅನ್ಯಾಯದ್ದೆಂದು ನಾನು ಭಾವಿಸುವುದಿಲ್ಲ. ಕೊಳವೆ ಹಾಕಿದ ವೆಚ್ಚ ಯಾರು ಎಷ್ಟು ನೀರು ಬಳಸುತ್ತಾರೆ ಎಂಬುದರ ಮೇಲೆ ನಿಂತಿಲ್ಲ, ಮತ್ತು ಮಾರಾಟವಾಗದೆ ಖಾಲಿ ಬಿದ್ದಿರುವ ನಿವೇಶನದ ಒಡೆಯನಿಗೂ ಆ ಕೊಳವೆಯಿಂದ ಲಾಭವಿರುವಾಗ ಅವನೂ ಪಾಲು ಕೊಡುವುದು ಸರಿಯಾದದ್ದೇ. ಮನೆಗಳ ಸಂಖ್ಯೆ ಹೆಚ್ಚಿದಂತೆ ಸಾಲದ ಹೊರೆ ಹಂಚಿಹೋಗಿ ದರ ಇಳಿಯುವುದೂ ಉಂಟು, ಆದರೆ ಮನೆಯ ಮೌಲ್ಯ ಏರಿದರೆ ದರ ಇಳಿದರೂ ಕಟ್ಟುವ ಮೊತ್ತ ಇಳಿಯದೇ ಇರಬಹುದು ಎಂಬುದನ್ನು ಮರೆಯಬಾರದು. ನನ್ನನ್ನು ನಿಜವಾಗಿ ಕಾಡುವುದು ಬೇರೆಯೇ: ಬಾಂಡ್‌ಗಳಿಗೆ ಮತದಾರರ ಒಪ್ಪಿಗೆ ಬೇಕೇ ಬೇಕಾದರೂ, ಆ ಮತದಾನ ಬಹುತೇಕ ಕಡೆ ಬಡಾವಣೆಯಲ್ಲಿ ಬೆರಳೆಣಿಕೆಯ ಜನರಿದ್ದಾಗಲೇ ಮುಗಿದಿರುತ್ತದೆ, ಸಾಲ ತೀರಿಸುವವರು ಆ ಮೇಲೆ ಬಂದವರು.

ಈ ಕಾರಣಕ್ಕೇ ನಮ್ಮ ಮಡ್‌ನ ಆಡಳಿತದ ಬಗ್ಗೆ ನನಗೆ ಅಸಮಾಧಾನವಿದೆ. ಐದು ಮಂದಿ ಚುನಾಯಿತ ನಿರ್ದೇಶಕರು ತೆರಿಗೆ ದರ ನಿಗದಿಪಡಿಸುವ ಸಭೆ ಕೆಲಸದ ದಿನದ ನಡುಹಗಲಿನಲ್ಲಿ, ಬಡಾವಣೆಯಿಂದ ದೂರದಲ್ಲಿರುವ ವಕೀಲರ ಕಚೇರಿಯಲ್ಲಿ ನಡೆಯುತ್ತದೆ; ಉದ್ಯೋಗಸ್ಥರು ಅಲ್ಲಿಗೆ ಹೋಗುವುದಾದರೂ ಹೇಗೆ? ಸಭೆಯನ್ನು ಹತ್ತಿರಕ್ಕೆ ತರುವಂತೆ ನಿವಾಸಿಗಳು ಲಿಖಿತವಾಗಿ ಕೋರಲು ಟೆಕ್ಸಾಸ್ ಜಲ ಸಂಹಿತೆಯಲ್ಲಿ ಅವಕಾಶವಿದೆ, ಅದನ್ನು ನೆರೆಹೊರೆಯವರೆಲ್ಲ ಸೇರಿ ಬಳಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆಸ್ತಿಯ ಮೌಲ್ಯ ಹೆಚ್ಚಾಯಿತೆಂಬ ತಕರಾರನ್ನು ಮಾತ್ರ ಈ ಮಂಡಳಿಯ ಮುಂದೆ ಒಯ್ಯಬೇಡಿ, ಅದು ಆಸ್ತಿಗಳ ಮೌಲ್ಯ ನಿಗದಿಪಡಿಸುವ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ ಸೇರಿದ ವಿಷಯ.

ಸೇವೆಗೆ ಐದರಲ್ಲಿ ನಾಲ್ಕೂವರೆ ಅಂಕ, ಪಾರದರ್ಶಕತೆಗೆ ಎರಡು. ಮಡ್ ವ್ಯಾಪ್ತಿಯಲ್ಲಿ ಮನೆ ಕೊಳ್ಳುವವರಿಗೆ ತೆರಿಗೆ ದರ ಮತ್ತು ಬಾಂಡ್ ಮೊತ್ತ ನಮೂದಿಸಿದ ಸೂಚನಾ ಪತ್ರವನ್ನು ಮಾರುವವರು ಕೊಡಲೇಬೇಕೆಂದು ಕಾನೂನು ವಿಧಿಸಿದೆ. ಅದನ್ನು ಕಾಗದಗಳ ರಾಶಿಯ ನಡುವೆ ಸಹಿ ಹಾಕಿ ಮುಗಿಸದೆ, ಮಾತುಕತೆಯ ಮೊದಲಲ್ಲೇ ಕೇಳಿ ಪಡೆದು, ಮಂಜೂರಾಗಿಯೂ ಇನ್ನೂ ಮಾರಾಟವಾಗದೆ ಉಳಿದಿರುವ ಬಾಂಡ್‌ಗಳೆಷ್ಟು ಎಂಬುದನ್ನು ಮಡ್ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.