ಕಡಲತೀರಕ್ಕೆ ಯಾವ ಕ್ಯಾಮೆರಾ? ಟಿಜಿ-6 ಜೊತೆ ಐದು ವರ್ಷ

ಐದು ವರ್ಷದಲ್ಲಿ ಏಳು ಸಲ ಕಡಲತೀರದ ರಜೆಗೆ ಹೋಗಿಬಂದಿದ್ದೇವೆ. ಏಳೂ ಸಲ ಒಲಿಂಪಸ್ ಟಫ್ ಟಿಜಿ-6 ಅನ್ನುವ ಪುಟ್ಟ ವಾಟರ್‌ಪ್ರೂಫ್ ಕ್ಯಾಮೆರಾ ನನ್ನ ಮಣಿಕಟ್ಟಿಗೆ ನೇತುಹಾಕಿಕೊಂಡೇ ಇತ್ತು. ಅದರ ಜೊತೆಗೆ ಇನ್ನೇನು ಒಯ್ಯಬೇಕು, ಏನನ್ನು ಮನೆಯಲ್ಲಿ ಬಿಟ್ಟುಹೋಗಬೇಕು ಅನ್ನುವ ಲೆಕ್ಕ ಮಾತ್ರ ಪ್ರತಿ ಸಲವೂ ಬದಲಾಗುತ್ತಾ ಬಂತು. ಈಗ ಅದೂ ಒಂದು ಹದಕ್ಕೆ ಬಂದಿದೆ. ಹೊರಡುವ ಹಿಂದಿನ ರಾತ್ರಿ ಲೆನ್ಸುಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿಕೊಂಡು ಯಾವುದನ್ನು ಬಿಡುವುದು ಅಂತ ಕೂತವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಟಿಜಿ-6 ಕೊಳ್ಳುವುದಕ್ಕೆ ಮುಂಚಿನ ರಜೆಗೆ ನಾನು ಎಲ್ಲವನ್ನೂ ಹೊತ್ತುಕೊಂಡು ಹೋಗಿದ್ದೆ. ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಮಿರರ್‌ಲೆಸ್ ಕ್ಯಾಮೆರಾ, 16-35, 24-105, 100-400 ಮಿ.ಮೀ.ನ ಮೂರು ಲೆನ್ಸು (ಅಂಕಿ ಚಿಕ್ಕದಾದಷ್ಟೂ ಅಗಲದ ನೋಟ, ದೊಡ್ಡದಾದಷ್ಟೂ ದೂರದ್ದು ಹತ್ತಿರ), ಒಂದು ಟ್ರೈಪಾಡ್. ಮೊದಲ ದಿನವೇ ಆರು ವರ್ಷದ ಮಗಳು ಸಮುದ್ರಕ್ಕೆ ಬೆನ್ನು ಹಾಕಿ ನಿಂತು ನಮ್ಮತ್ತ ಕೈಬೀಸುತ್ತಿದ್ದಳು. ಹಿಂದಿನಿಂದ ಬಂದ ಅಲೆ ಮೊಣಕಾಲಿಗೆ ಬಡಿದದ್ದೇ ತಡ, ಕಾಲ ಕೆಳಗಿನ ಮರಳು ಜಾರಿತು. ಹೆದರಬೇಕೋ ನಗಬೇಕೋ ಗೊತ್ತಾಗದೆ ಅವಳ ಬಾಯಿ ಅರ್ಧ ತೆರೆದು ಹಾಗೇ ನಿಂತುಬಿಟ್ಟಿತು. ಆ ಮುಖದ ಫೋಟೋ ನನ್ನ ಬಳಿ ಇಲ್ಲ. ಕ್ಯಾಮೆರಾ ಮೂವತ್ತು ಹೆಜ್ಜೆ ದೂರದಲ್ಲಿ, ಟವೆಲಿನ ಅಡಿಯಲ್ಲಿ, ಜಿಪ್ ಎಳೆದ ಚೀಲದಲ್ಲಿತ್ತು. ನನ್ನ ಎರಡೂ ಕೈಗೆ ಮರಳು ಮೆತ್ತಿತ್ತು. ಕೈ ತೊಳೆದು, ಒರೆಸಿ, ಚೀಲ ತೆರೆದು ಬರುವಷ್ಟರಲ್ಲಿ ಅವಳು ಆಗಲೇ ನಾಲ್ಕನೇ ಅಲೆಗೆ ಜಿಗಿಯುತ್ತಿದ್ದಳು.

ಅದೇ ರಜೆಯ ಮೂರನೇ ದಿನ 24-105ರ ಜೂಮ್ ಉಂಗುರ ತಿರುಗಿಸಿದರೆ ಕರಕರ ಅನ್ನತೊಡಗಿತು. ಜೂಮ್ ಮಾಡಿದಾಗ ಹೊರಕ್ಕೆ ಚಾಚುವ ಲೆನ್ಸು ಪ್ರತಿ ಸಲ ಉದ್ದವಾಗುವಾಗಲೂ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೊಳವೆಯ ಮೇಲೆ ಕೂತ ಮರಳು ಮತ್ತೆ ಒಳಸರಿಯುವಾಗ ಅದರ ಜೊತೆಗೇ ಹೋಗುತ್ತದೆ. ತೀರದ ಮರಳುಗಾಳಿಯಲ್ಲಿ ನಾನು ಎರಡು ಸಲ ಲೆನ್ಸ್ ಬದಲಾಯಿಸಿಯೂ ಇದ್ದೆ. ಅದು ಮಾಡಬಾರದ ಕೆಲಸ ಅಂತ ಈಗ ಯಾರಿಗಾದರೂ ಖಂಡಿತವಾಗಿ ಹೇಳುತ್ತೇನೆ.

ಟಿಜಿ-6 ಬಂದದ್ದು 2019ರಲ್ಲಿ. 12 ಮೆಗಾಪಿಕ್ಸೆಲ್, 25ರಿಂದ 100 ಮಿ.ಮೀ.ಗೆ ಸಮನಾದ ಜೂಮ್, ಅಗಲದ ತುದಿಯಲ್ಲಿ ಎಫ್/2 ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ ದೊಡ್ಡದು. ಬೇರೆ ಕವಚ ಹಾಕದೆಯೇ 15 ಮೀಟರ್ ಆಳದವರೆಗೆ ನೀರು ತಡೆಯುತ್ತದೆ, 2.1 ಮೀಟರ್ ಎತ್ತರದಿಂದ ಬಿದ್ದರೂ ತಾಳಿಕೊಳ್ಳುವಂತೆ ಮಾಡಿದ್ದಾರೆ. ಬ್ಯಾಟರಿ, ಕಾರ್ಡ್ ಸೇರಿ ತೂಕ 253 ಗ್ರಾಂ. ಜೂಮ್ ಪೂರ್ತಿ ಕ್ಯಾಮೆರಾದ ಒಳಗೇ ನಡೆಯುತ್ತದೆ, ಯಾವ ಕೊಳವೆಯೂ ಹೊರಗೆ ಬರುವುದಿಲ್ಲ. ಕಡಲತೀರದ ಮಟ್ಟಿಗೆ ನನಗೆ 15 ಮೀಟರ್ ಆಳಕ್ಕಿಂತ ಇದೇ ದೊಡ್ಡ ಗುಣ.

ಫೋನ್ ಇದೆಯಲ್ಲ, ಇದೇಕೆ ಬೇಕು ಅಂತ ಎಲ್ಲರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಒಣ ಮರಳಿನ ಮೇಲೆ, ಒಳ್ಳೆಯ ಬೆಳಕಿನಲ್ಲಿ, ಈಚಿನ ಒಳ್ಳೆಯ ಫೋನು ಟಿಜಿ-6ಗಿಂತ ಚೆಂದದ ಫೋಟೋ ಕೊಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಫೋನು ನೀರು, ದೂಳು ತಡೆಯುತ್ತದೆಯೇ ಅಂತ ನೋಡುವ ಐಪಿ68 ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಚಾರ್ಜಿಂಗ್ ರಂಧ್ರದಲ್ಲಿ ಉಪ್ಪು ಉಳಿದು, ಗಾಳಿಯ ತೇವವನ್ನು ಹೀರಿಕೊಂಡು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಪರದೆಯದು. ಒದ್ದೆ ಬೆರಳಿಗೆ ಅದು ಸರಿಯಾಗಿ ಸ್ಪಂದಿಸುವುದಿಲ್ಲ, ಅದರ ಮೇಲೆ ಬಿದ್ದ ನೀರಹನಿಯನ್ನೇ ಬೆರಳು ಅಂದುಕೊಳ್ಳುತ್ತದೆ. ನೀರಿನೊಳಗಂತೂ ಮುಟ್ಟಿದರೂ ಮುಟ್ಟದಿದ್ದರೂ ಒಂದೇ. ಸೊಂಟದವರೆಗಿನ ನೀರಿನಲ್ಲಿ ನಿಂತು ಒಂದು ಕೈಯಲ್ಲಿ ಮಗುವನ್ನು ಹಿಡಿದಾಗ ಇನ್ನೊಂದು ಕೈಗೆ ಬೇಕಾದದ್ದು ಒತ್ತಿದರೆ ಟಕ್ ಅನ್ನುವ ನಿಜವಾದ ಗುಂಡಿ. ನನ್ನ ಏಳು ರಜೆಗಳ ಆಲ್ಬಮ್ಮಿನಲ್ಲಿ ಮನೆಯವರು ಮತ್ತೆ ಮತ್ತೆ ತೆಗೆದು ನೋಡುವ ಫೋಟೋಗಳಲ್ಲಿ ಮುಕ್ಕಾಲು ಪಾಲು ಹೀಗೆ, ನೀರಿನೊಳಗೆ ನಿಂತು ತೆಗೆದವು.

ನಾನು ನಿರೀಕ್ಷಿಸದೇ ಇದ್ದ ಸಂತೋಷ ಸಿಕ್ಕಿದ್ದು ಇದರ ಮೈಕ್ರೋಸ್ಕೋಪ್ ಮೋಡ್‌ನಲ್ಲಿ. ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದ ವಸ್ತುವನ್ನೂ ಇದು ಫೋಕಸ್ ಮಾಡುತ್ತದೆ. ಇಳಿತದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆ ಪುಟ್ಟ ಏಡಿಗಳು ಮರಳನ್ನು ಬಾಯಲ್ಲಾಡಿಸಿ, ತಿನ್ನುವುದನ್ನು ತಿಂದು, ಉಳಿದದ್ದನ್ನು ಸಾಸಿವೆಗಿಂತ ಚೂರು ದೊಡ್ಡ ಉಂಡೆ ಮಾಡಿ ಬಿಲದ ಸುತ್ತ ಸಾಲಾಗಿ ಇಟ್ಟಿರುತ್ತವೆ. ನಮ್ಮ ನೆರಳು ಬಿದ್ದರೆ ಸಾಕು, ಏಡಿ ಮಾಯ. ಉಂಡೆಗಳು ಅಲ್ಲೇ ಇರುತ್ತವೆ. ಮಗಳೂ ನಾನೂ ಹೊಟ್ಟೆಯ ಮೇಲೆ ಮಲಗಿ ಅಂಥ ಒಂದು ಉಂಡೆಗೆ ಲೆನ್ಸ್ ತಾಗಿಸಿದಂತೆ ಹಿಡಿದೆವು. ಕಂದು ಮರಳು ಅಂದುಕೊಂಡಿದ್ದರಲ್ಲಿ ಗಾಜಿನಂಥ ಹರಳು, ಕಪ್ಪು ಕಣ, ಜೇನಿನ ಬಣ್ಣದ ಚೂರು, ಯಾವುದೋ ಚಿಪ್ಪಿನ ಗುಲಾಬಿ ಪುಡಿ ಎಲ್ಲ ಬೇರೆಬೇರೆಯಾಗಿ ಕಂಡವು. ಕಣಕಣದ ನಡುವೆ ನೀರಿನ ಪೊರೆ ಹೊಳೆಯುತ್ತಿತ್ತು. ಮಿರರ್‌ಲೆಸ್ ಕ್ಯಾಮೆರಾವನ್ನು, ಅದು ಎಷ್ಟೇ ಒಳ್ಳೆಯದಿರಲಿ, ಆ ಒದ್ದೆ ಮರಳಿನ ಮೇಲೆ ನಾನು ಇಡುತ್ತಿರಲಿಲ್ಲ.

ನೀರಿನೊಳಗಿನ ಬಣ್ಣದ ಬಗ್ಗೆ ಒಂದು ಮಾತು. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ನಾಲ್ಕೈದು ಮೀಟರ್ ಇಳಿಯುವಷ್ಟರಲ್ಲಿ ಎಲ್ಲವೂ ನೀಲಿ-ಹಸಿರಾಗಿ ಕಾಣುತ್ತದೆ. ಟಿಜಿ-6ರಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಅಂತ ಆಳಕ್ಕೆ ತಕ್ಕಂತೆ ಮೂರು ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣ ಸರಿಪಡಿಸುವ ಆಯ್ಕೆಗಳು, ಇವೆ. ಉಸಿರುಕೊಳವೆ ಕಚ್ಚಿಕೊಂಡು ನೀರಿನ ಮೇಲ್ಭಾಗದಲ್ಲೇ ಈಜುತ್ತಾ ಸ್ನಾರ್ಕೆಲ್ ಮಾಡುವವರಿಗೆ ಮೊದಲನೆಯದೇ ಸಾಕು. ಜೊತೆಗೆ ಕ್ಯಾಮೆರಾ ಹಿಡಿದದ್ದೆಲ್ಲ ತಿದ್ದದೆ ಹಾಗೇ ಇರುವ ರಾ ಫೈಲ್ ಉಳಿಸಿಕೊಂಡರೆ ಮನೆಗೆ ಬಂದಮೇಲೆ ಬಣ್ಣ ತಿದ್ದಿಕೊಳ್ಳಬಹುದು.

ಇದರ ಮಿತಿಗಳನ್ನೂ ಹೇಳಬೇಕು. ಬೆಳಕು ಹಿಡಿಯುವ ಸೆನ್ಸರ್ 1/2.3 ಇಂಚಿನ ವರ್ಗದ್ದು, ತೀರಾ ಚಿಕ್ಕದು. ಸೂರ್ಯ ಮುಳುಗಿ ಕಾಲು ಗಂಟೆ ಕಳೆದರೆ ಫೋಟೋದಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಚುಕ್ಕೆಗಳು, ಎದ್ದು ಕಾಣುತ್ತದೆ, ಆಕಾಶದ ನವಿರಾದ ಛಾಯೆಗಳು ಉಳಿಯುವುದಿಲ್ಲ. ಶಟರ್ ವೇಗವನ್ನು ನಾವೇ ನಿಗದಿ ಮಾಡುವ ಮೋಡ್ ಇಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲದ್ದರಿಂದ ನಡುಮಧ್ಯಾಹ್ನದ ಬಿಸಿಲಿಗೆ ಪರದೆ ಮಂಕಾಗಿ, ಅಂದಾಜಿನ ಮೇಲೆ ಕ್ಲಿಕ್ಕಿಸಬೇಕಾಗುತ್ತದೆ. ಕೈಜಾರಿದರೆ ಇದು ಮುಳುಗುತ್ತದೆ, ತೇಲುವುದಿಲ್ಲ. ಹಾಗಾಗಿ ಢಾಳಾದ ಬಣ್ಣದ, ತೇಲುವ ಮಣಿಕಟ್ಟಿನ ಪಟ್ಟಿಯನ್ನು ಕ್ಯಾಮೆರಾದ ಜೊತೆಗೇ ಕೊಂಡುಬಿಡಿ. ಅದಿಲ್ಲದೆ ನೀರಿಗೆ ಇಳಿಯಬೇಡಿ.

ಇನ್ನು ಬಾಗಿಲಿನ ಸುತ್ತ ನೀರು ತಡೆಯುವ ರಬ್ಬರ್ ಸೀಲ್. ಇದಕ್ಕೂ ಹಿಂದೆ ನನ್ನ ಬಳಿ ಬೇರೊಂದು ವಾಟರ್‌ಪ್ರೂಫ್ ಪುಟ್ಟ ಕ್ಯಾಮೆರಾ ಇತ್ತು. ತೀರದಲ್ಲೇ ಬ್ಯಾಟರಿ ಬದಲಾಯಿಸಿ, ಬಾಗಿಲು ಮುಚ್ಚಿ, ನೀರಿಗಿಳಿದೆ. ಹತ್ತು ನಿಮಿಷದಲ್ಲಿ ಪರದೆಯ ಒಳಗೆ ಹನಿ ಕಾಣಿಸಿತು, ಸಂಜೆಗೆ ಅದು ಸತ್ತಿತ್ತು. ರಬ್ಬರ್ ಸೀಲಿನ ಮೇಲೆ ಒಂದೇ ಒಂದು ಕೂದಲು ಅಡ್ಡಬಿದ್ದಿತ್ತು. ತಪ್ಪು ನನ್ನದೇ, ಕ್ಯಾಮೆರಾದ್ದಲ್ಲ. ಆವತ್ತಿನಿಂದ ತೀರದಲ್ಲಿ ಯಾವ ಬಾಗಿಲನ್ನೂ ತೆರೆಯುವುದಿಲ್ಲ. ಬೆಳಗ್ಗೆ ಕೋಣೆಯಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಸೀಲನ್ನು ಸುತ್ತಲೂ ನೋಡಿ, ಎರಡೂ ಬಾಗಿಲಿನ ಎರಡೆರಡು ಲಾಕ್‌ಗಳನ್ನು ಹಾಕಿದರೆ ಸಂಜೆಯವರೆಗೆ ಅದನ್ನು ಮುಟ್ಟುವ ಕೆಲಸವಿಲ್ಲ. ಸೀಲನ್ನು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತದೆ ಕೈಪಿಡಿ. ದಯವಿಟ್ಟು ಅದನ್ನು ಪಾಲಿಸಿ.

ಸಂಜೆ ಕೋಣೆಗೆ ಬಂದ ಕೂಡಲೇ ಬಾಗಿಲು ಮುಚ್ಚಿದ್ದ ಹಾಗೆಯೇ ಸಿಹಿನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ನೀರಿನೊಳಗೇ ಎಲ್ಲ ಗುಂಡಿಗಳನ್ನೂ ಒತ್ತಿ, ಡಯಲ್ ತಿರುಗಿಸಿ. ಸಂದುಗಳಲ್ಲಿ ಕೂತ ಉಪ್ಪು ಬಿಡುತ್ತದೆ. ಆಮೇಲೆ ನೆರಳಲ್ಲಿ ಆರಿಸಿ. ಪೂರ್ತಿ ಒಣಗುವವರೆಗೆ ಬಾಗಿಲು ತೆರೆಯಬೇಡಿ. ಲೆನ್ಸಿನ ಗಾಜಿನ ಮೇಲೆ ಮರಳಿದ್ದರೆ ಬಟ್ಟೆ ತಾಗಿಸಬೇಡಿ. ಮರಳಿನಲ್ಲಿರುವ ಸ್ಫಟಿಕ ಗಾಜಿಗಿಂತ ಗಟ್ಟಿ, ಒರೆಸಿದರೆ ಗೀರು ಖಂಡಿತ. ಮೊದಲು ನೀರು ಹಾಯಿಸಿ ಮರಳನ್ನು ಕಳಿಸಬೇಕು, ಬಟ್ಟೆ ಆಮೇಲೆ.

ಈಗ ದೊಡ್ಡ ಕ್ಯಾಮೆರಾದ ವಿಷಯ. ಅದನ್ನು ನಾನು ಬಿಟ್ಟಿಲ್ಲ, ಅದಕ್ಕೊಂದು ಹೊತ್ತು ಗೊತ್ತುಮಾಡಿದ್ದೇನೆ. ಸೂರ್ಯೋದಯಕ್ಕೆ ಒಂದು ಗಂಟೆ, ಸೂರ್ಯಾಸ್ತಕ್ಕೆ ಒಂದು ಗಂಟೆ. ಒಂದು ಕ್ಯಾಮೆರಾ, ಒಂದೇ ಲೆನ್ಸು. ಸರ್ವಿಸ್ ಆಗಿ ಬಂದ ಅದೇ 24-105 ಅನ್ನು ಕೋಣೆಯಲ್ಲೇ ಹಾಕಿಕೊಂಡು ಹೊರಟರೆ ವಾಪಸ್ ಬರುವವರೆಗೆ ಕಳಚುವುದಿಲ್ಲ. ಕ್ಯಾಮೆರಾಕ್ಕೆ ಸೀಲಿಂಗ್ ಇದ್ದರೆ ಸಾಲದು, ಲೆನ್ಸಿಗೂ ಇರಬೇಕು. ಇದ್ದರೂ ಅದು ತುಂತುರನ್ನು ತಡೆಯುತ್ತದೆ, ಅಲೆಯನ್ನಲ್ಲ. ಸಂಜೆಯ ಗಾಳಿಯಲ್ಲಿ ಅರ್ಧ ಗಂಟೆ ನಿಂತರೆ ಲೆನ್ಸಿನ ಮುಂದೆ ತೆಳ್ಳನೆಯ ಉಪ್ಪಿನ ಪೊರೆ ಕೂರುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ, ಸೂರ್ಯನಿಗೆ ಎದುರಾಗಿ ಹಿಡಿದಾಗ ಫೋಟೋ ಪೂರ್ತಿ ಮಬ್ಬಾಗಿ ಬರುತ್ತದೆ. ಅದಕ್ಕಾಗಿ ಮುಂದೆ ಒಂದು ಫಿಲ್ಟರ್ ಹಾಕಿಡುವುದು, ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಅದನ್ನು ತೇವದ ಬಟ್ಟೆಯಿಂದ ಒರೆಸುವುದು.

ಪೋಲರೈಸರ್ ಅನ್ನುವ ಫಿಲ್ಟರ್ ಮಾತ್ರ ಮರೆಯಬೇಡಿ. ನೀರಿನ ಮೇಲಿನ ಹೊಳಪನ್ನು ಕಳೆದು ಕೆಳಗಿನ ಕಲ್ಲು, ಪಾಚಿಯನ್ನು ತೋರಿಸುವ ಕೆಲಸವನ್ನು ಮನೆಗೆ ಬಂದು ಯಾವ ಸಾಫ್ಟ್‌ವೇರಿನಲ್ಲೂ ಮಾಡಲಾಗದು. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡುವಾಗ ಅದರ ಪರಿಣಾಮ ಹೆಚ್ಚು. ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಕಡಿಮೆಯಾದರೆ ಬೆಳಕು ಅರ್ಧ) ಬೆಳಕನ್ನು ಅದು ತಿನ್ನುತ್ತದೆ, ಕಡಲತೀರದ ಹಗಲಿನಲ್ಲಿ ಅದೊಂದು ನಷ್ಟವೇ ಅಲ್ಲ. ಎಕ್ಸ್‌ಪೋಶರ್, ಅಂದರೆ ಫೋಟೋ ಎಷ್ಟು ಬೆಳಕಾಗಿ ಬರಬೇಕು ಅನ್ನುವುದರ ಬಗ್ಗೆಯೂ ಗಮನವಿರಲಿ. ಬೆಳ್ಳನೆ ಮರಳನ್ನು ಕ್ಯಾಮೆರಾ ಬೂದು ಮಾಡಲು ಹವಣಿಸುತ್ತದೆ, ಮುಖಗಳು ಕಪ್ಪಿಡುತ್ತವೆ. ನಾನು ಎಕ್ಸ್‌ಪೋಶರನ್ನು 0.7 ಸ್ಟಾಪ್ ಏರಿಸಿಡುತ್ತೇನೆ. ಅಲೆಯ ನೊರೆ ಚೌಕಟ್ಟಿನ ತುಂಬ ಇದ್ದಾಗ 0.3 ಸಾಕು, ಇಲ್ಲದಿದ್ದರೆ ನೊರೆಯ ಎಳೆಗಳೆಲ್ಲ ಸುಣ್ಣ ಬಳಿದಂತಾಗುತ್ತವೆ.

100-400 ಈಗ ಬರುವುದಿಲ್ಲ. ಕಾದ ಮರಳಿನ ಮೇಲೆ ಗಾಳಿ ಕುದಿಯುವ ಮಧ್ಯಾಹ್ನದಲ್ಲಿ ದೂರದ್ದನ್ನು ಹತ್ತಿರ ತರುವ ಎಂಥ ಟೆಲಿ ಲೆನ್ಸಿನ ಫೋಟೋವೂ ಕಲಸಿದಂತೆಯೇ ಬರುತ್ತದೆ. ಸರ್ಫಿಂಗ್ ಅಥವಾ ಹಕ್ಕಿಗಳೇ ನಿಮ್ಮ ವಿಷಯವಾದರೆ ಖಂಡಿತ ಒಯ್ಯಿರಿ, ಬೆಳಗ್ಗೆ ಬೇಗ ಬಳಸಿ. ಟ್ರೈಪಾಡ್ ಒಯ್ಯುವವರು ಕಾಲಿನ ತುದಿಯ ತೆಳು ಭಾಗವನ್ನೇ ಮೊದಲು ಎಳೆಯಿರಿ, ಆಗ ಲಾಕ್‌ಗಳು ಮರಳಿನಿಂದ ಮೇಲಿರುತ್ತವೆ. 16-35 ಬಿಟ್ಟದ್ದಕ್ಕೆ ಒಂದು ಸಲವೂ ಬೇಸರವಾಗಿಲ್ಲ.

ಎಸಿ ಕೋಣೆಯಿಂದ ಹೊರಬಂದ ತಕ್ಷಣ ತಣ್ಣಗಿನ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ. ದೊಡ್ಡ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ ಅರ್ಧ ಗಂಟೆ ಮುಂಚೆ ಬಾಲ್ಕನಿಯಲ್ಲಿ ಇಟ್ಟುಬಿಟ್ಟರೆ ಮಂಜು ಚೀಲದ ಹೊರಮೈಗೇ ಕೂರುತ್ತದೆ. ಸೂರ್ಯೋದಯ ತಪ್ಪಿಸಿಕೊಂಡ ಒಂದು ಬೆಳಗ್ಗೆ ಇದನ್ನು ಕಲಿತೆ.

2023ರಲ್ಲಿ ಒಎಂ ಸಿಸ್ಟಮ್ ಅನ್ನುವ, ಒಲಿಂಪಸ್ ಕ್ಯಾಮೆರಾಗಳ ಹೊಸ ಹೆಸರಿನಲ್ಲಿ ಟಿಜಿ-7 ಬಂದಿದೆ. ಯುಎಸ್‌ಬಿ-ಸಿ ಚಾರ್ಜಿಂಗ್ ಬಂತು, ಆದರೆ ಚಿತ್ರದ ಗುಣಮಟ್ಟದಲ್ಲಿ ದೊಡ್ಡ ಜಿಗಿತವಿಲ್ಲ. ಹೊಸದಾಗಿ ಕೊಳ್ಳುವವರು ಅದನ್ನೇ ತೆಗೆದುಕೊಳ್ಳಿ. ಟಿಜಿ-6 ಇರುವವರು ಬದಲಾಯಿಸುವ ಅಗತ್ಯ ನನಗಂತೂ ಕಾಣುತ್ತಿಲ್ಲ. ನನ್ನದರ ಮೂಲೆಗಳ ಬಣ್ಣ ಹೋಗಿದೆ, ಪರದೆಯ ಮೇಲೆ ನಾಲ್ಕು ಗೀರು ಬಿದ್ದಿವೆ, ಒಳಗೆ ಇವತ್ತಿಗೂ ಒಂದು ಹನಿ ನೀರು ಹೋಗಿಲ್ಲ. ಹನ್ನೊಂದು ವರ್ಷದ ಮಗಳು ಈಗ ಅದನ್ನು ತನ್ನದು ಅನ್ನುತ್ತಾಳೆ, ಸೀಲ್ ನೋಡುವ ಟಾರ್ಚನ್ನೂ ಅವಳೇ ಹಿಡಿಯುತ್ತಾಳೆ.