ಲಿಬ್ರೆಆಫೀಸ್ ರೈಟರ್‌ನಲ್ಲಿ ಹಲವು ಪದಗಳನ್ನು ಒಟ್ಟಿಗೆ ತಿದ್ದುವುದು: ದೀರ್ಘಕಾಲದ ಬಳಕೆಯ ಅನುಭವ

ಕನ್ನಡದ ಕರಡುಗಳನ್ನು ತಿದ್ದುವ ಕೆಲಸಕ್ಕೆ ನಾನು ಹಲವು ವರ್ಷಗಳಿಂದ ಲಿಬ್ರೆಆಫೀಸ್ ರೈಟರ್ ತಂತ್ರಾಂಶವನ್ನೇ ಬಳಸುತ್ತಿದ್ದೇನೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಈ ತಂತ್ರಾಂಶ ಮುಕ್ತವೂ ಉಚಿತವೂ ಆಗಿದೆ. ಆದರೆ ನಾನು ಇದನ್ನು ಬಿಡದಿರುವುದಕ್ಕೆ ಕಾರಣ ಬೆಲೆಯಲ್ಲ. ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒತ್ತಿದಾಗ ತೆರೆಯುವ ‘ಹುಡುಕಿ ಬದಲಾಯಿಸು’ ಕಿಟಕಿಯಲ್ಲಿ, ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುವ ನಮ್ಮ ಭಾಷೆಯನ್ನು ನಿಭಾಯಿಸಲು ಬೇಕಾದ ಸಲಕರಣೆ ಇದೆ ಎಂಬುದೇ ಕಾರಣ.

ಒಂದು ಉದಾಹರಣೆ ಕೊಡುತ್ತೇನೆ. ಲೇಖನವೊಂದರ ಉದ್ದಕ್ಕೂ ‘ಪುಸ್ತಕ’ ಎಂದಿರುವಲ್ಲಿ ‘ಕೃತಿ’ ಎಂದಾಗಬೇಕು ಎಂದುಕೊಳ್ಳಿ. ನೇರವಾಗಿ ಎಲ್ಲವನ್ನೂ ಬದಲಾಯಿಸಿದರೆ ‘ಪುಸ್ತಕಗಳು’ ಸರಿಯಾಗಿಯೇ ‘ಕೃತಿಗಳು’ ಆಗುತ್ತದೆ, ಆದರೆ ‘ಪುಸ್ತಕದಲ್ಲಿ’ ಎಂಬುದು ‘ಕೃತಿದಲ್ಲಿ’ ಎಂದೂ ‘ಪುಸ್ತಕಕ್ಕೆ’ ಎಂಬುದು ‘ಕೃತಿಕ್ಕೆ’ ಎಂದೂ ಕೆಡುತ್ತವೆ. ‘ಪೂರ್ಣ ಪದಗಳು ಮಾತ್ರ’ ಎಂಬ ಆಯ್ಕೆಯೂ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಆಗ ಪ್ರತ್ಯಯವಿಲ್ಲದ ಬಿಡಿ ರೂಪಗಳಷ್ಟೇ ಸಿಗುತ್ತವೆ, ಕನ್ನಡದ ವಾಕ್ಯದಲ್ಲಿ ನಾಮಪದ ಹಾಗೆ ಬರಿದಾಗಿ ನಿಲ್ಲುವುದು ಕಡಿಮೆ.

ಈ ತೊಡಕನ್ನು ಬಿಡಿಸುವುದು ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಆಯ್ಕೆ, ಅಂದರೆ ನಿರ್ದಿಷ್ಟ ಪದದ ಬದಲು ಅಕ್ಷರಗಳ ಮಾದರಿಯೊಂದನ್ನು ಹುಡುಕುವ ಸೌಲಭ್ಯ. ಅದನ್ನು ಗುರುತು ಹಾಕಿಕೊಂಡು, ಹುಡುಕುವ ಜಾಗದಲ್ಲಿ ‘ಪುಸ್ತಕ[ದವ]’ ಎಂದೂ ಬದಲಿಸುವ ಜಾಗದಲ್ಲಿ ‘ಕೃತಿಯ’ ಎಂದೂ ಬರೆದರೆ, ಆವರಣದೊಳಗಿನ ಎರಡು ಅಕ್ಷರಗಳಲ್ಲಿ ಯಾವುದು ಬಂದರೂ ಹೊಂದಿಕೆಯಾಗುತ್ತದೆ. ಪುಸ್ತಕದಲ್ಲಿ, ಪುಸ್ತಕದಿಂದ, ಪುಸ್ತಕವನ್ನು, ಪುಸ್ತಕವೊಂದು ಇವೆಲ್ಲವೂ ಕೃತಿಯಲ್ಲಿ, ಕೃತಿಯಿಂದ, ಕೃತಿಯನ್ನು, ಕೃತಿಯೊಂದು ಎಂದು ಒಂದೇ ಏಟಿಗೆ ಸರಿಹೋಗುತ್ತವೆ. ಎರಡನೆಯ ಸುತ್ತಿನಲ್ಲಿ ‘ಪುಸ್ತಕಕ್ಕ’ ಎಂಬುದನ್ನು ‘ಕೃತಿಗ’ ಎಂದು ಬದಲಿಸಿದರೆ ಕೃತಿಗೆ, ಕೃತಿಗಾಗಿ, ಕೃತಿಗಿಂತ ಮೂರೂ ಸಿಗುತ್ತವೆ. ಸಂಧಿಯ ನಿಯಮ ಗೊತ್ತಿರುವವರಿಗೆ ಈ ಕೆಲಸ ಕೊಡುವ ಸಂತೋಷ ದೊಡ್ಡದು. ‘ಪಠ್ಯಪುಸ್ತಕ’ದಂಥ ಸಮಾಸಗಳನ್ನು ಕಾಪಾಡಲು ಹುಡುಕುವ ಪದದ ಆರಂಭದಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ಇಂಗ್ಲಿಷಿನ ಸಣ್ಣ ಬಿ ಅಕ್ಷರವನ್ನು ಸೇರಿಸಬೇಕು, ಅದು ಪದದ ಗಡಿಯನ್ನು ಸೂಚಿಸುತ್ತದೆ. ಉಳಿದ ಬಿಡಿ ರೂಪಗಳನ್ನು ಮಾತ್ರ ಒಂದೊಂದಾಗಿ ನೋಡಿಯೇ ಬದಲಿಸುವುದು ಒಳ್ಳೆಯದು. ಇಲ್ಲವಾದರೆ ‘ಪುಸ್ತಕಾಲಯ’ದಲ್ಲಿ ಇಕಾರದ ಮೇಲೆ ದೀರ್ಘದ ಚಿಹ್ನೆ ಕುಳಿತು ಓದಲಾಗದ ಗುಂಪಾಗುತ್ತದೆ, ‘ಪುಸ್ತಕಪ್ರೇಮಿ’ ಅನಗತ್ಯವಾಗಿ ‘ಕೃತಿಪ್ರೇಮಿ’ಯಾಗುತ್ತಾನೆ. ‘ಪುಸ್ತಕದ್ದು’ ಎಂಬ ರೂಪ ಮೊದಲ ಸುತ್ತಿನಲ್ಲೇ ‘ಕೃತಿಯ್ದು’ ಎಂದು ಕೆಡುವುದರಿಂದ ಅದನ್ನು ಎಲ್ಲಕ್ಕಿಂತ ಮುಂಚೆ ತಿದ್ದಿಕೊಳ್ಳಬೇಕು.

ಹಳೆಯ ಮುದ್ರಿತ ಪುಟಗಳನ್ನು ಸ್ಕ್ಯಾನ್ ಮಾಡಿ ಪಡೆದ ಪಠ್ಯದಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಸೇರಿಕೊಂಡಿರುವುದು ಸಾಮಾನ್ಯ. ಕಣ್ಣಿಗೆ ಎರಡೂ ಒಂದೇ, ಯೂನಿಕೋಡ್ ಸಂಕೇತಗಳು ಬೇರೆ. ‘([ಅ-ೌ])೦’ ಎಂದು ಹುಡುಕಿ ‘$1ಂ’ ಎಂದು ಬದಲಿಸಿದರೆ (‘$1’ ಎಂದರೆ ದುಂಡು ಆವರಣದ ಮಾದರಿಗೆ ಹೊಂದಿದ ಅಕ್ಷರ) ಅಕ್ಷರದ ನಂತರ ಬಂದ ಸೊನ್ನೆಗಳಷ್ಟೇ ಅನುಸ್ವಾರವಾಗುತ್ತವೆ, ೧೦ ಮತ್ತು ೨೦೦ರಂಥ ಸಂಖ್ಯೆಗಳು ಹಾಗೆಯೇ ಉಳಿಯುತ್ತವೆ. ಇಡೀ ಗ್ರಂಥದ ಅನುಸ್ವಾರಗಳು ಇಷ್ಟರಿಂದಲೇ ಸರಿಹೋಗುವುದನ್ನು ಕಂಡಾಗಲೆಲ್ಲ ಈ ಸೌಲಭ್ಯದ ಮೇಲಿನ ನನ್ನ ಗೌರವ ಹೆಚ್ಚುತ್ತದೆ. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಕಾಣದ ಒಂದು ಸಂಕೇತ ಕೆಲವೆಡೆ ಇದ್ದು ಕೆಲವೆಡೆ ಇರುವುದಿಲ್ಲವಾದ್ದರಿಂದ, ಅಂಥ ಪದವನ್ನು ಟೈಪಿಸುವ ಬದಲು ಕಡತದಲ್ಲೇ ಆಯ್ದುಕೊಂಡು ನಂತರ ಕಿಟಕಿಯನ್ನು ತೆರೆಯಬೇಕು, ಆಯ್ದ ಪದ ತಾನಾಗಿಯೇ ಹುಡುಕುವ ಜಾಗಕ್ಕೆ ಬಂದಿರುತ್ತದೆ.

ಅಕ್ಷರವಿನ್ಯಾಸಕ್ಕೆ ಸಂಬಂಧಿಸಿದಂತೆ ‘ಎಲ್ಲವನ್ನೂ ಹುಡುಕು’ ಗುಂಡಿ ಸಾಕು: ಸಿಕ್ಕ ಪದಗಳೆಲ್ಲ ಒಟ್ಟಿಗೆ ಆಯ್ಕೆಯಾಗುತ್ತವೆ, ಕಿಟಕಿ ಮುಚ್ಚಿ ಓರೆ ಅಕ್ಷರ ಅಥವಾ ಬೇಕಾದ ಶೈಲಿ ಕೊಡಬಹುದು.

ಬದಲಾವಣೆಗಳನ್ನು ದಾಖಲಿಸುವ ‘ಟ್ರ್ಯಾಕ್ ಚೇಂಜಸ್’ ಅನ್ನು ಮೊದಲೇ ಚಾಲೂ ಮಾಡಿಕೊಳ್ಳುವುದನ್ನು ನಾನು ಕಡ್ಡಾಯವೆಂದೇ ಹೇಳುತ್ತೇನೆ. ಆಗ ಸಾಮೂಹಿಕ ತಿದ್ದುಪಡಿಯ ಪ್ರತಿಯೊಂದು ಜಾಗವೂ ಬೇರೆಯಾಗಿ ಗುರುತಾಗಿ, ಒಂದನ್ನು ಒಪ್ಪಿ ಇನ್ನೊಂದನ್ನು ತಿರಸ್ಕರಿಸಬಹುದು. ಬೇರೆಯವರ ಬರಹದ ಮೇಲೆ ಕೈಯಿಡುವವರು ಅವರಿಗೆ ತೋರಿಸಬೇಕಾದ ಲೆಕ್ಕವೂ ಇದೇ.

ಮಿತಿಗಳಿವೆ. ಈ ಹುಡುಕಾಟ ಒಂದು ಪ್ಯಾರಾದ ಗಡಿಯನ್ನು ದಾಟುವುದಿಲ್ಲ, ತೆರೆದಿರುವ ಒಂದು ಕಡತದ ಆಚೆಗೂ ಹೋಗುವುದಿಲ್ಲ. ಅಧ್ಯಾಯಗಳು ಬೇರೆ ಬೇರೆ ಕಡತಗಳಲ್ಲಿದ್ದರೆ ಅದೇ ಸುತ್ತುಗಳನ್ನು ಪ್ರತಿಯೊಂದರಲ್ಲೂ ನಡೆಸಬೇಕಾಗುತ್ತದೆ. ಪ್ಯಾರಾಗಳನ್ನು ದಾಟಿ ಹುಡುಕಬೇಕಾದವರಿಗೆ ಆಲ್ಟ್‌ಸರ್ಚ್ ಎಂಬ ವಿಸ್ತರಣೆ ಲಭ್ಯವಿದೆ. ನಾನಂತೂ ಪ್ರತಿ ಪದಜೋಡಿಯ ಸುತ್ತುಗಳನ್ನು ಅವುಗಳ ಅನುಕ್ರಮದಲ್ಲೇ ಪ್ರತ್ಯೇಕ ಕಡತವೊಂದರಲ್ಲಿ ಬರೆದಿಟ್ಟುಕೊಂಡು, ಹೊಸ ಅಧ್ಯಾಯ ತೆರೆದಾಗ ಅಲ್ಲಿಂದಲೇ ನಕಲಿಸಿಕೊಳ್ಳುತ್ತೇನೆ.